ಹಾಲಿನ ಪೈಪೋಟಿ: ಗೆಲ್ಲೋದು ಯಾರು, ತೆರೋದು ಯಾರು?

ಮಡಕಶಿರಾ ಸೀಮೆಯ ಹಸುವಿಗೂ ಪಾವಗಡ ಸೀಮೆಯ ಹಸುವಿಗೂ ತಳಿಯಲ್ಲಿ ವ್ಯತ್ಯಾಸವಿಲ್ಲ. ತಿನ್ನೋ ಹಿಂಡಿ, ಬೂಸಾ, ಜೋಳದ ಸಪ್ಪೆ ಒಂದೇ. ಕುಡಿಯೋದು ಅದೇ ಬೋರಿನ ನೀರು. ಕಾಯಿಲೆ ಬಂದರೆ ಕೊಡಿಸೋ ಮದ್ದೂ ಒಂದೇ. ಆದರೆ ಗಡಿ ಕಲ್ಲು ದಾಟಿದ ಕೂಡಲೇ ಹಾಲಿನ ಲೆಕ್ಕ ಬೇರೆಯಾಗುತ್ತದೆ. ಕರ್ನಾಟಕದ ಕಡೆ ಸಂಘಕ್ಕೆ ಹಾಲು ಹಾಕಿದವನಿಗೆ ಒಕ್ಕೂಟದ ದರದ ಮೇಲೆ ಸರಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಉಂಟು. ಆಂಧ್ರದ ಕಡೆಯವನಿಗೆ ಅದು ಇಲ್ಲ. ಅವನ ಹಾಲು ಬಹುಪಾಲು ಖಾಸಗಿ ಡೈರಿಯ ವ್ಯಾನು ಹತ್ತುತ್ತದೆ. ಆಚೆಯ ಹಾಲು ಈಚೆಯ ಸಂಘದ ಕ್ಯಾನಿಗೆ ಬೀಳುತ್ತದೆ ಅನ್ನೋ ದೂರು ಗಡಿ ತಾಲೂಕುಗಳಲ್ಲಿ ಹೊಸದೇನಲ್ಲ. ನೀರು ಇಳಿಜಾರಿಗೆ ಹರಿದರೆ ಹಾಲು ದರ ಇದ್ದ ಕಡೆಗೆ ಹರಿಯುತ್ತದೆ.

ಈ ದರದ ಹಿಂದೆ ಒಂದು ದೊಡ್ಡ ಪೈಪೋಟಿ ನಡೆದಿದೆ. ನಂದಿನಿ, ಅಮುಲ್, ಆವಿನ್, ಮಿಲ್ಮಾ, ಹೆರಿಟೇಜ್, ಹಟ್ಸನ್ ಇವೆಲ್ಲ ಒಂದೇ ಹಾಲನ್ನು ಬೇರೆ ಬೇರೆ ಲೆಕ್ಕಾಚಾರದಲ್ಲಿ ಮಾರುತ್ತವೆ. ಒಬ್ಬರು ಅಗ್ಗವನ್ನು ನಂಬಿದ್ದಾರೆ, ಒಬ್ಬರು ಹೆಸರನ್ನು ನಂಬಿದ್ದಾರೆ, ಇನ್ನೊಬ್ಬರು ಯಾರೂ ಹೋಗದ ಸಣ್ಣ ಊರನ್ನು ನಂಬಿದ್ದಾರೆ. ಯಾವ ದಾರಿ ಹಿಡಿದರೆ ಯಾವ ಫಲ, ಆ ಫಲ ಯಾರ ಜೇಬಿಗೆ, ನಷ್ಟ ಯಾರ ತಲೆಗೆ ಅನ್ನೋದನ್ನು ಗಡಿಯಲ್ಲಿ ಕೂತ ನಾವು ಬಿಡಿಸಿ ನೋಡಬೇಕಾಗಿದೆ. ಯಾಕಂದರೆ ಎರಡೂ ಕಡೆಯ ಚೀಟಿ ನಮ್ಮ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತವರಿಗೆ ಒಂದೇ ಕಡೆಯದು ಕಾಣುತ್ತದೆ.

ಮೂರು ದಾರಿ, ಒಂದು ಕೊರಕಲು

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಪೋರ್ಟರ್ ಅನ್ನೋ ಅಧ್ಯಾಪಕರು 1980ರಲ್ಲಿ ವ್ಯಾಪಾರದ ಪೈಪೋಟಿ ಮೇಲೆ ಒಂದು ಪುಸ್ತಕ ಬರೆದರು. ಅದರ ಸಾರ ಸಂತೆಗೆ ಹೋದವರಿಗೆಲ್ಲ ಗೊತ್ತಿರೋದೇ. ವ್ಯಾಪಾರದಲ್ಲಿ ನಿಲ್ಲೋಕೆ ದಾರಿ ಮೂರು. ಒಂದು, ಎಲ್ಲರಿಗಿಂತ ಕಡಿಮೆ ಖರ್ಚಿನಲ್ಲಿ ಮಾಲು ತಯಾರಿಸಿ ಅಗ್ಗಕ್ಕೆ ಕೊಡೋದು. ಎರಡು, ಬೇರೆಯವರ ಹತ್ತಿರ ಇಲ್ಲದ ಗುಣವನ್ನೋ ನಂಬಿಕೆಯನ್ನೋ ಕೊಟ್ಟು ನಾಲ್ಕು ಕಾಸು ಜಾಸ್ತಿ ಕೇಳೋದು. ಮೂರು, ಇಡೀ ಪೇಟೆಗೆ ಕೈ ಚಾಚದೆ ಒಂದು ಮೂಲೆಯನ್ನು, ಒಂದು ವರ್ಗದ ಗಿರಾಕಿಯನ್ನು ಹಿಡಿದು ಅವರಿಗೆ ಬೇಕಾದ್ದನ್ನು ಚೆನ್ನಾಗಿ ಕೊಡೋದು. ಈ ಮೂರರಲ್ಲಿ ಯಾವುದನ್ನೂ ಗಟ್ಟಿಯಾಗಿ ಹಿಡಿಯದವನು ನಡುವೆ ಸಿಕ್ಕಿಬೀಳುತ್ತಾನೆ, ಅವನ ಲಾಭ ಸೋರಿಹೋಗುತ್ತದೆ ಅನ್ನೋದು ಪೋರ್ಟರರ ಎಚ್ಚರಿಕೆ. ನಮ್ಮ ಕಡೆ ತೆಲುಗಿನಲ್ಲಿ ಇದಕ್ಕೆ 'ರೆಂಟಿಕೀ ಚೆಡ್ಡ ರೇವಡಿ' ಅಂತಾರೆ. ಎರಡು ಕಡೆಗೂ ಕೆಟ್ಟ ಬದುಕು ಅಂತ ಅರ್ಥ.

ಆದೋನಿಯ ಹತ್ತಿ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೇವ ನೋಡದೆ, ಕಸ ನೋಡದೆ ಎಲ್ಲ ಹತ್ತಿಗೂ ಒಂದೇ ರೇಟು ಕಟ್ಟಿದವನ ಅಂಗಡಿಗೆ ಒದ್ದೆ ಹತ್ತಿಯೇ ಬರುತ್ತದೆ. ಒಳ್ಳೆ ಹತ್ತಿ ಪಕ್ಕದ ಮಂಡಿಗೆ ಹೋಗುತ್ತದೆ. ಹಾಲಿನಲ್ಲೂ ಅಷ್ಟೆ. ಆದರೆ ಹಾಲಿಗೆ ಇನ್ನೊಂದು ತೊಡಕು ಇದೆ. ಹತ್ತಿಯನ್ನು ಗೋದಾಮಿಗೆ ಹಾಕಿ ಬೆಲೆ ಬರೋವರೆಗೆ ಕಾಯಬಹುದು. ಹಾಲು ಕಾಯೋದಿಲ್ಲ. ಬೆಳಿಗ್ಗೆ ಕರೆದದ್ದು ಸಂಜೆಯೊಳಗೆ ತಂಪಾಗಬೇಕು, ಇಲ್ಲ ಒಡೆಯುತ್ತದೆ. ಹಸು 'ಇವತ್ತು ಮಾರ್ಕೆಟ್ ಡಲ್ಲು' ಅಂತ ಕೆಚ್ಚಲು ಕಟ್ಟೋದಿಲ್ಲ. ಅದಕ್ಕೇ ಹಾಲಿನಲ್ಲಿ ಮಾರೋ ತಂತ್ರ ತಪ್ಪಿದರೆ ಪೆಟ್ಟು ನೆಟ್ಟಗೆ ಕರೆಯೋನ ಮೇಲೆ ಬೀಳುತ್ತದೆ.

ನಂದಿನಿ ಹಿಡಿದ ಅಗ್ಗದ ದಾರಿ

ಕರ್ನಾಟಕದಲ್ಲಿ ಡೈರಿ ಅಭಿವೃದ್ಧಿ ನಿಗಮ ಹುಟ್ಟಿದ್ದು 1974ರಲ್ಲಿ, ವಿಶ್ವಬ್ಯಾಂಕಿನ ನೆರವಿನಿಂದ. 1984ರಲ್ಲಿ ಅದೇ ಕರ್ನಾಟಕ ಹಾಲು ಮಹಾಮಂಡಳವಾಯಿತು. ಹಳ್ಳಿಯಲ್ಲಿ ಸಂಘ, ಜಿಲ್ಲೆಗೆ ಒಕ್ಕೂಟ, ಮೇಲೆ ಮಹಾಮಂಡಳ. ಹೀಗೆ ಮೂರು ಮಜಲು. ನಂದಿನಿ ಆರಿಸಿಕೊಂಡ ತಂತ್ರ ಸ್ಪಷ್ಟ: ದೇಶದಲ್ಲೇ ಅಗ್ಗದ ಹಾಲು, ಮೂಲೆ ಮೂಲೆಗೂ ಬೂತು. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಆನ್‌ಲೈನ್ ಮೂಲಕ ಹಾಲು, ಮೊಸರು ಮಾರ್ತೀವಿ ಅಂತ ಪ್ರಕಟಿಸಿದಾಗ ನಂದಿನಿಯ ಟೋನ್ಡ್ ಹಾಲು ಲೀಟರಿಗೆ 39 ರೂಪಾಯಿ, ಅಮುಲ್‌ದು 54 ರೂಪಾಯಿ. ಚುನಾವಣೆ ಹೊತ್ತು ಬೇರೆ. ಅದಕ್ಕೂ ಮುಂಚೆ 2022ರ ಡಿಸೆಂಬರ್ 30ರಂದು ಮಂಡ್ಯ ಜಿಲ್ಲೆಯಲ್ಲಿ ಕೇಂದ್ರ ಸಹಕಾರ ಸಚಿವ ಅಮಿತ್ ಶಾ ಅವರು ಅಮುಲ್, ನಂದಿನಿ ಒಟ್ಟಾಗಿ ಕೆಲಸ ಮಾಡಬೇಕು ಅಂದಿದ್ದರು. ಎರಡನ್ನೂ ಸೇರಿಸಿ ನೋಡಿದ ಜನ 'ನಂದಿನಿ ಉಳಿಸಿ' ಅಂತ ಕೂಗೆಬ್ಬಿಸಿದರು.

ಕೂಗು ಸರಿಯೋ ತಪ್ಪೋ ಅನ್ನೋದು ಬೇರೆ ಮಾತು. ವ್ಯಾಪಾರದ ಕಣ್ಣಿನಿಂದ ನೋಡಿದರೆ ನಂದಿನಿಯನ್ನು ಅವತ್ತು ಕಾಪಾಡಿದ್ದು ಘೋಷಣೆಗಿಂತ ಹೆಚ್ಚಾಗಿ ಆ 15 ರೂಪಾಯಿ ವ್ಯತ್ಯಾಸ. ದಿನಾ ಒಂದು ಲೀಟರ್ ಕೊಳ್ಳೋ ಮನೆಗೆ ಅದು ತಿಂಗಳಿಗೆ 450 ರೂಪಾಯಿ. ಅಷ್ಟು ಕಂದಕ ಇರೋವಾಗ ಹೊರಗಿನವನು ದಾಟಿ ಬರೋದು ಕಷ್ಟ. ಅಗ್ಗದ ದಾರಿಯ ಬಲ ಇದೇ.

ಹಾಗಾದರೆ ದೋಷ ಎಲ್ಲಿ? ಪೋರ್ಟರ್ ಹೇಳಿದ ಅಗ್ಗದ ದಾರಿ ಅಂದರೆ ಖರ್ಚು ಕಡಿಮೆ ಮಾಡಿ ಅಗ್ಗಕ್ಕೆ ಮಾರೋದು. ಬರೀ ಬೆಲೆ ಕಡಿಮೆ ಇಡೋದಲ್ಲ. ನಂದಿನಿಯ ಅಗ್ಗದಲ್ಲಿ ಒಂದು ಪಾಲು ದೊಡ್ಡ ಪ್ರಮಾಣದಿಂದ, ಹಳೆ ಡೈರಿಗಳಿಂದ, ಹತ್ತಿರದ ಸಾಗಣೆಯಿಂದ ಬಂದದ್ದು. ಅದು ನಿಜವಾದ ಉಳಿತಾಯ. ಇನ್ನೊಂದು ಪಾಲು ಸರಕಾರದ ಖಜಾನೆಯಿಂದ ಬಂದದ್ದು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಪ್ರೋತ್ಸಾಹಧನ ಬೆಳೆದು 5 ರೂಪಾಯಿಗೆ ಬಂತು. ಗಿರಾಕಿ ಕಡಿಮೆ ಕೊಡ್ತಾನೆ, ರೈತನಿಗೆ ಸ್ವಲ್ಪ ಹೆಚ್ಚು ಬೇಕು, ನಡುವಿನ ಹಳ್ಳವನ್ನು ಸರಕಾರ ತುಂಬುತ್ತದೆ. ಸರಕಾರದ ಹಣ ಸಕಾಲಕ್ಕೆ ಬಂದರೆ ಸರಿ. ತಿಂಗಳುಗಟ್ಟಲೆ ಬಾಕಿ ಉಳಿದರೆ? ಹಾಗೆ ಉಳಿದ ದೂರುಗಳು ಆಗಾಗ ಕೇಳಿಬಂದಿವೆ.

ಮೂರನೇ ಪಾಲು ಇನ್ನೂ ಸೂಕ್ಷ್ಮ. ಹಾಲಿನ ಪ್ಯಾಕೆಟ್ ಬೆಲೆ ಏರಿಸೋಕೆ ಮಹಾಮಂಡಳ ಸರಕಾರದ ಮುಖ ನೋಡಬೇಕು. ಹಿಂಡಿ ಬೆಲೆ ಏರಿಸೋನು ಯಾರ ಮುಖವನ್ನೂ ನೋಡೋದಿಲ್ಲ. 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ ಏರಿತು. 2024ರ ಜೂನಿನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಹೆಚ್ಚು ಹಾಲು ತುಂಬಿ 2 ರೂಪಾಯಿ ಹೆಚ್ಚಿಸಿದರು. ಅದು ದರ ಏರಿಕೆಗಿಂತ ಮಿಕ್ಕ ಹಾಲು ಖರ್ಚು ಮಾಡೋ ಉಪಾಯ. 2025ರ ಏಪ್ರಿಲ್ 1ರಿಂದ 4 ರೂಪಾಯಿ ಏರಿಸಿ, ಅಷ್ಟನ್ನೂ ರೈತನಿಗೇ ಕೊಡ್ತೀವಿ ಅಂದರು.

ಮಿಕ್ಕ ಹಾಲು ಅಂದೆ. ಅದೇ ಈ ತಂತ್ರದ ಗಂಟು. 2024ರ ಬೇಸಿಗೆಯಲ್ಲಿ ನಂದಿನಿ ಒಂದೇ ದಿನ 51 ಲಕ್ಷ ಲೀಟರಿಗಿಂತ ಹೆಚ್ಚು ಹಾಲು ಮಾರಿ ದಾಖಲೆ ಮಾಡಿತು. ಅದೇ ವರ್ಷ ಜೂನ್ ಕೊನೆಯ ಹೊತ್ತಿಗೆ ದಿನದ ಸಂಗ್ರಹ ಒಂದು ಕೋಟಿ ಲೀಟರ್ ಮುಟ್ಟಿತು. ಮಾರಾಟದ ಶಿಖರಕ್ಕೂ ಸಂಗ್ರಹದ ಶಿಖರಕ್ಕೂ ನಡುವೆ ಎಷ್ಟು ಅಂತರ ನೋಡಿ. ಮೊಸರು, ಮಜ್ಜಿಗೆ ಕಳೆದು ಉಳಿದದ್ದು ಪುಡಿಯಾಗಬೇಕು, ಬೆಣ್ಣೆಯಾಗಬೇಕು. ಪುಡಿಯ ಬೆಲೆ ದೇಶದ ಮಾರುಕಟ್ಟೆಯಲ್ಲಿ ಕುಸಿದಾಗ ಒಕ್ಕೂಟ ಕೊಟ್ಟ ಕಾಸೂ ಹುಟ್ಟೋದಿಲ್ಲ. 2024ರ ಮಳೆಗಾಲದ ನಂತರ ಕೆಲವು ಒಕ್ಕೂಟಗಳು ರೈತನಿಗೆ ಕೊಡೋ ದರವನ್ನೇ ಇಳಿಸಿದ್ದು ಇದಕ್ಕೇ. ಮೇವು ಚೆನ್ನಾಗಿ ಬಂದು ಹಾಲು ಹೆಚ್ಚಾದ ವರ್ಷ ರೈತನ ಚೀಟಿ ಸಣ್ಣದಾಯಿತು. ಪೇಟೆಯಲ್ಲಿ ನಂದಿನಿ ಗೆದ್ದಿತ್ತು. ಕೊಟ್ಟಿಗೆಯಲ್ಲಿ ಆ ಗೆಲುವು ಕಾಣಲಿಲ್ಲ.

ಪಕ್ಕದ ಆವಿನ್ ಕಲಿಸಿದ ಪಾಠ

ಅಗ್ಗವನ್ನು ಅತಿ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಹೊಸೂರು, ತಾಳವಾಡಿ ಕಡೆಯ ಓದುಗರು ಆವಿನ್ ಕಡೆ ನೋಡಲಿ. ತಮಿಳುನಾಡು ಸರಕಾರ 2021ರ ಮೇ ತಿಂಗಳಲ್ಲಿ ಆವಿನ್ ಹಾಲಿನ ಬೆಲೆಯನ್ನು ಲೀಟರಿಗೆ 3 ರೂಪಾಯಿ ಇಳಿಸಿತು. ಗಿರಾಕಿ ಖುಷಿಪಟ್ಟ. ಆದರೆ ಖಾಸಗಿ ಡೈರಿಗಳು ಆವಿನ್‌ಗಿಂತ ಹೆಚ್ಚು ದರಕ್ಕೆ ಮಾರಿ, ರೈತನಿಗೂ ಹೆಚ್ಚು ಕೊಟ್ಟವು. ಹಾಲು ಆವಿನ್ ಬಿಟ್ಟು ಅತ್ತ ಹೋಯಿತು. 2022ರ ನವೆಂಬರ್‌ನಲ್ಲಿ ಖರೀದಿ ದರಕ್ಕೆ 3 ರೂಪಾಯಿ ಸೇರಿಸಿದರು, ಕಿತ್ತಳೆ ಪ್ಯಾಕೆಟ್ಟಿನ ಬೆಲೆಯನ್ನು 12 ರೂಪಾಯಿ ಏರಿಸಿದರು. ಆದರೂ ಸಾಲದೆ 2023ರ ಮಾರ್ಚ್‌ನಲ್ಲಿ ರೈತರು ಹಾಲು ಹಾಕೋದು ನಿಲ್ಲಿಸಿ ಹೋರಾಟಕ್ಕಿಳಿದರು. ಕೊನೆಗೆ ಅದೇ ಡಿಸೆಂಬರಿನಲ್ಲಿ ಲೀಟರಿಗೆ 3 ರೂಪಾಯಿ ಪ್ರೋತ್ಸಾಹಧನ ಕೊಡಬೇಕಾಯಿತು.

ಈ ಗದ್ದಲದ ನಡುವೆಯೇ ಅಮುಲ್ ಕೃಷ್ಣಗಿರಿ ಕಡೆ ಶೀತಲೀಕರಣ ಕೇಂದ್ರ ಇಟ್ಟು ಹಾಲು ಕೊಳ್ಳೋಕೆ ಬಂತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಅವರು ಇದನ್ನು ತಡೆಯಿರಿ ಅಂತ ಕೇಂದ್ರಕ್ಕೆ ಪತ್ರ ಬರೆದರು. ಬೇಲಿ ಸಡಿಲವಾದ ಕಡೆಯೇ ಪಕ್ಕದ ದನ ನುಗ್ಗೋದು. ಇಲ್ಲಿ ಬೇಲಿ ಅಂದರೆ ರೈತನಿಗೆ ಸಿಗೋ ದರ. ಮಾರೋ ಕಡೆ ಎಷ್ಟೇ ಗಟ್ಟಿಯಿದ್ದರೂ ಕೊಳ್ಳೋ ಕಡೆ ಸಡಿಲವಾದರೆ ಡೈರಿ ನಿಲ್ಲೋದಿಲ್ಲ. ಹಾಲಿನ ವ್ಯಾಪಾರದಲ್ಲಿ ಪೈಪೋಟಿ ಎರಡು ಬಾಗಿಲಲ್ಲಿ ನಡೆಯುತ್ತದೆ. ಮುಂಬಾಗಿಲಲ್ಲಿ ಗಿರಾಕಿಗಾಗಿ, ಹಿತ್ತಲ ಬಾಗಿಲಲ್ಲಿ ಹಾಲಿಗಾಗಿ.

ಅಮುಲ್: ಹೆಸರೂ ಉಂಟು, ಹಸಿವೂ ಉಂಟು

ಅಮುಲ್‌ನ ಮೂಲ 1946ರ ಖೇಡಾ ಜಿಲ್ಲೆಯ ರೈತರ ಸಿಟ್ಟು. ಪೋಲ್ಸನ್ ಕಂಪೆನಿ ಒಬ್ಬನೇ ಕೊಳ್ಳೋನಾಗಿ ಹೇಳಿದ್ದೇ ದರ ಆಗಿತ್ತು. ತ್ರಿಭುವನದಾಸ್ ಪಟೇಲರು ರೈತರನ್ನು ಒಟ್ಟುಗೂಡಿಸಿದರು; 1949ರಲ್ಲಿ ಬಂದ ವರ್ಗೀಸ್ ಕುರಿಯನ್ನರು ಕಸುಬನ್ನು ಕಟ್ಟಿದರು. ಅವರು ಕಂಡುಕೊಂಡದ್ದು ಇಷ್ಟೆ: ಚಳಿಗಾಲದಲ್ಲಿ ಹೆಚ್ಚಾಗೋ ಹಾಲನ್ನು ಪುಡಿ, ಬೆಣ್ಣೆ ಮಾಡಿಟ್ಟರೆ ರೈತನ ಹಾಲನ್ನು ಯಾವ ದಿನವೂ ಬೇಡ ಅನ್ನಬೇಕಾಗಿಲ್ಲ. ಆ ಬೆಣ್ಣೆಗೆ ಹೆಸರು ಕಟ್ಟಿದರೆ ಬೆಲೆಯೂ ಬರುತ್ತದೆ.

ಹೀಗೆ ಅಮುಲ್ ಎರಡನೇ ದಾರಿ ಹಿಡಿಯಿತು. ಹೆಸರು ಕಟ್ಟು, ಬೆಣ್ಣೆ, ಚೀಸು, ಐಸ್‌ಕ್ರೀಂ, ಚಾಕೊಲೇಟು ಎಲ್ಲಕ್ಕೂ ಅದೇ ಹೆಸರಿಡು, ಒಂದು ಜಾಹೀರಾತಿನಲ್ಲಿ ಹತ್ತು ಮಾಲು ಮಾರು. ಗಿರಾಕಿ ಕೊಟ್ಟ ರೂಪಾಯಿಯಲ್ಲಿ 80 ಪೈಸೆಗೂ ಹೆಚ್ಚು ರೈತನಿಗೆ ಹೋಗುತ್ತದೆ ಅಂತ ಅಮುಲ್ ಹೇಳಿಕೊಳ್ಳುತ್ತದೆ. ಅದನ್ನು ಮಾರೋ ಗುಜರಾತ್ ಮಹಾಮಂಡಳದ 2024-25ರ ವಹಿವಾಟು ಸುಮಾರು 66,000 ಕೋಟಿ ರೂಪಾಯಿ.

ಇದರಲ್ಲೂ ಒಂದು ಒತ್ತಡ ಇದೆ. ಇಷ್ಟು ದೊಡ್ಡದಾದ ಮೇಲೆ ಗುಜರಾತಿನ ಹಾಲೊಂದೇ ಸಾಲದು, ಗುಜರಾತಿನ ಗಿರಾಕಿಯೂ ಸಾಲದು. ಹೊಸ ಊರು, ಹೊಸ ಹಾಲು ಬೇಕೇ ಬೇಕು. ಆಂಧ್ರದಲ್ಲಿ 2020ರ ಡಿಸೆಂಬರ್‌ನಲ್ಲಿ ಆಗಿನ ಜಗನ್ ಸರಕಾರ 'ಜಗನಣ್ಣ ಪಾಲ ವೆಲ್ಲುವ' ಹೆಸರಿನಲ್ಲಿ ಅಮುಲನ್ನು ಕರೆತಂದಿತು. 2002ರಲ್ಲಿ ಮುಚ್ಚಿದ್ದ ಚಿತ್ತೂರು ಡೈರಿಯನ್ನು ಅಮುಲ್‌ಗೆ ಭೋಗ್ಯಕ್ಕೆ ಕೊಟ್ಟು 2023ರ ಜುಲೈನಲ್ಲಿ ಭೂಮಿಪೂಜೆಯನ್ನೂ ಮಾಡಿದರು. 2024ರಲ್ಲಿ ಸರಕಾರ ಬದಲಾಯಿತು. ರಾಜಕೀಯದ ಕೈ ಹಿಡಿದು ಬಂದ ವ್ಯಾಪಾರಕ್ಕೆ ರಾಜಕೀಯದ ಆಯುಸ್ಸೇ ಆಯುಸ್ಸು ಅನ್ನೋದನ್ನು ನಮ್ಮ ಕಡೆಯ ರೈತರು ನೆನಪಿಟ್ಟುಕೊಳ್ಳೋದು ಒಳ್ಳೇದು.

ಈ ಹಸಿವು ಅಮುಲ್‌ಗೆ ಮಾತ್ರ ಇಲ್ಲ. ಅಮುಲ್ ಬರಬೇಡ ಅಂದ ನಂದಿನಿ, ತನ್ನ ಮಿಕ್ಕ ಹಾಲಿಗೆ ಜಾಗ ಹುಡುಕುತ್ತಾ ಕೇರಳಕ್ಕೆ ಹೋದಾಗ ಮಿಲ್ಮಾದವರು 2023ರಲ್ಲಿ ಅದೇ ಮಾತು ಹೇಳಿದರು: 'ನಮ್ಮ ಸೀಮೆಗೆ ಬರಬೇಡಿ.' ಮಿಲ್ಮಾ 2022ರ ಡಿಸೆಂಬರಿನಲ್ಲಿ ಲೀಟರಿಗೆ 6 ರೂಪಾಯಿ ಏರಿಸಿತ್ತು; ಪಕ್ಕದಲ್ಲಿ ಅಗ್ಗದ ನಂದಿನಿ ಬಂದು ಕೂತರೆ ಅವರ ಗಿರಾಕಿ ಚೆದುರೋದು ಸಹಜ. ಕಾಸರಗೋಡಿನ ಕನ್ನಡಿಗನಿಗೆ ನಂದಿನಿ ಮೇಲೆ ಅಭಿಮಾನ ಇರಬಹುದು, ಆದರೆ ಅವನ ಕೊಟ್ಟಿಗೆಯ ಹಾಲು ಕೊಳ್ಳೋದು ಮಿಲ್ಮಾ. ಅಭಿಮಾನ ಒಂದು ಕಡೆ, ಚೀಟಿ ಒಂದು ಕಡೆ. ಗಡಿಯವರ ಪಾಡೇ ಹೀಗೆ. 2024ರ ನವೆಂಬರ್‌ನಲ್ಲಿ ನಂದಿನಿ ದೆಹಲಿಯಲ್ಲೂ ಹಾಲು ಮಾರೋಕೆ ಶುರುಮಾಡಿತು. ಮಂಡ್ಯದ ಹಾಲು ಟ್ಯಾಂಕರಿನಲ್ಲಿ 2,000 ಕಿ.ಮೀ. ಮೀರಿ ಹೋಗಿ ಅಲ್ಲಿಯ ಹೆಸರುಗಳಿಗಿಂತ ಅಗ್ಗಕ್ಕೆ ಮಾರಬೇಕು. ಹತ್ತಿರದ ಸಾಗಣೆ ನಂದಿನಿಯ ಅಗ್ಗಕ್ಕೆ ಮೂಲ ಆಗಿತ್ತು. ದೂರ ಹೋದಷ್ಟೂ ಆ ಮೂಲವೇ ಸವೆಯುತ್ತದೆ. ಹಾಲನ್ನು ಹತ್ತಿರ ಮಾರಿ ತುಪ್ಪ, ಪುಡಿ, ಸಿಹಿಯನ್ನು ದೂರ ಕಳಿಸೋದು ಸಾಗಣೆಯ ಲೆಕ್ಕಕ್ಕೆ ಹೊಂದೋ ಮಾತು.

ಮೂಲೆ ಹಿಡಿದವನ ಕತೆ

ಮೂರನೇ ದಾರಿಗೆ ಹಟ್ಸನ್ ಒಳ್ಳೆ ಉದಾಹರಣೆ. ಅದನ್ನು ಕಟ್ಟಿದ ಆರ್.ಜಿ. ಚಂದ್ರಮೋಹನ್ 1970ರಲ್ಲಿ 13,000 ರೂಪಾಯಿ ಬಂಡವಾಳದಲ್ಲಿ ಮದರಾಸಿನ ರಾಯಪುರಂನಲ್ಲಿ ಐಸ್‌ಕ್ರೀಂ ಮಾಡೋಕೆ ಶುರುಮಾಡಿದರು. ಆಗ ಮದರಾಸಿನಲ್ಲಿ ಉಡುಪಿ ಮೂಲದವರ ದಾಸಪ್ರಕಾಶ್, ಕ್ವಾಲಿಟಿ ಇವೆಲ್ಲ ದೊಡ್ಡ ಹೆಸರು. ಅವರ ಎದುರು ನಿಂತು ಕೈಸುಟ್ಟುಕೊಳ್ಳೋ ಬದಲು ಕಾಲೇಜು ಹಾಸ್ಟೆಲುಗಳನ್ನು, ಆಮೇಲೆ ದೊಡ್ಡವರು ತಲೆಹಾಕದ ಸಣ್ಣ ಊರುಗಳನ್ನು ಹಿಡಿದರು. ಅಲ್ಲಿ ಬೇರೂರಿದ ಮೇಲೆ 1990ರ ದಶಕದಲ್ಲಿ ಹಾಲಿಗೆ ಕೈಹಾಕಿದರು. ಇವತ್ತು ಅದು ದೇಶದ ದೊಡ್ಡ ಖಾಸಗಿ ಡೈರಿಗಳಲ್ಲಿ ಒಂದು.

1992ರಲ್ಲಿ ಹುಟ್ಟಿದ ಹೆರಿಟೇಜ್, 1995ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದ ದೊಡ್ಲ ಇವೂ ಬರೀ ಹಾಲನ್ನು ನಂಬದೆ ಮೊಸರು, ಮಜ್ಜಿಗೆ, ತುಪ್ಪದ ಕಡೆ ಬೆಳೆದವು. ಮೊಸರಿನಲ್ಲಿ ಹಾಲಿಗಿಂತ ಲಾಭ ಹೆಚ್ಚು. ಹಾಲಿನ ಬೆಲೆ ಮೇಲೆ ಸರಕಾರದ ಕಣ್ಣು ಇರೋ ಹಾಗೆ ಮೊಸರಿನ ಬೆಲೆ ಮೇಲೆ ಇರೋದಿಲ್ಲ.

ಖಾಸಗಿ ಡೈರಿ ರೈತನಿಗೆ ವೈರಿ ಅಂತ ನಾನು ಬರೆಯಲಾರೆ. ಸಹಕಾರಿ ಡೈರಿ ಕೈಬಿಟ್ಟ ಸೀಮೆಗಳಲ್ಲಿ ಹಸು ಉಳಿದಿದ್ದರೆ ಅದಕ್ಕೆ ಈ ವ್ಯಾನುಗಳೂ ಕಾರಣ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಸಂಘ ಸದಸ್ಯನ ಹಾಲನ್ನು ದಿನಾ ತಗೊಳ್ಳೋಕೆ ಕಟ್ಟುಬಿದ್ದದ್ದು. ಖಾಸಗಿಯವನು ಬೇಕಾದಾಗ ಹೆಚ್ಚು ಕೊಡ್ತಾನೆ, ಹಾಲು ಹೆಚ್ಚಾದಾಗ ಡಿಗ್ರಿ ಕಡಿಮೆ, ಫ್ಯಾಟ್ ಕಡಿಮೆ ಅಂತ ತಗ್ಗಿಸ್ತಾನೆ. ಬೇಸಿಗೆಯ ದರ ನೋಡಿ ಸಂಘ ಬಿಟ್ಟವನು ಮಳೆಗಾಲದ ದರವನ್ನೂ ಸೇರಿಸಿ ವರ್ಷದ ಲೆಕ್ಕ ಹಾಕಬೇಕು.

ತಿರುಪತಿ ತುಪ್ಪದ ಲೆಕ್ಕ

ಎರಡೂ ರಾಜ್ಯದವರ ಮನಸ್ಸು ನೋಯಿಸಿದ ತಿರುಪತಿ ತುಪ್ಪದ ಪ್ರಕರಣವನ್ನು ಪೈಪೋಟಿಯ ಕಣ್ಣಿನಿಂದ ನೋಡಿದವರು ಕಡಿಮೆ. ಹಲವು ವರ್ಷ ದೇವಸ್ಥಾನಕ್ಕೆ ನಂದಿನಿ ತುಪ್ಪ ಹೋಗುತ್ತಿತ್ತು. 2023ರಲ್ಲಿ ಟೆಂಡರಿನ ದರ ತನಗೆ ಹೊಂದೋದಿಲ್ಲ ಅಂತ ಮಹಾಮಂಡಳ ಹಿಂದೆ ಸರಿಯಿತು. ಆಮೇಲೆ ಕೆಜಿಗೆ 320 ರೂಪಾಯಿ ಆಸುಪಾಸಿನ ದರಕ್ಕೂ ತುಪ್ಪ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಕಲಬೆರಕೆಯ ಆರೋಪ ಮಾಡಿದರು. ಅಕ್ಟೋಬರ್ 4ರಂದು ಸುಪ್ರೀಂ ಕೋರ್ಟು ಸಿಬಿಐ, ರಾಜ್ಯ ಪೊಲೀಸ್ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದವರನ್ನು ಸೇರಿಸಿ ವಿಶೇಷ ತನಿಖಾ ತಂಡ ಮಾಡಿತು. 2025ರ ಫೆಬ್ರವರಿಯಲ್ಲಿ ಆ ತಂಡ ಕೆಲವರನ್ನು ಬಂಧಿಸಿತು. ತಪ್ಪು ಯಾರದು ಅನ್ನೋದು ನ್ಯಾಯಾಲಯದ ಮಾತು, ನಮ್ಮದಲ್ಲ. ನಾವು ಲೆಕ್ಕ ಮಾತ್ರ ಹಾಕೋಣ.

ಶೇಕಡಾ 3.5 ಕೊಬ್ಬಿನ ಹಸುವಿನ ಹಾಲಾದರೆ ಒಂದು ಕೆಜಿ ತುಪ್ಪಕ್ಕೆ ಸುಮಾರು 28 ಲೀಟರ್ ಬೇಕು. ರೈತನಿಗೆ ಲೀಟರಿಗೆ 33 ರೂಪಾಯಿ ಕೊಟ್ಟೆವು ಅಂತ ಇಟ್ಟುಕೊಳ್ಳಿ. 924 ರೂಪಾಯಿ ಆಯಿತು. ಕೊಬ್ಬು ತೆಗೆದ ಮೇಲೆ ಉಳಿದ ಹಾಲಿನಿಂದ ಸುಮಾರು 2.4 ಕೆಜಿ ಪುಡಿ ಬರುತ್ತದೆ. ಪುಡಿಗೆ ಕೆಜಿಗೆ 220 ರೂಪಾಯಿ ಸಿಕ್ಕರೆ 528 ಆಯಿತು. ಉಳಿದ 396 ರೂಪಾಯಿ ತುಪ್ಪದಿಂದಲೇ ಹುಟ್ಟಬೇಕು. ಇದರಲ್ಲಿ ಕಾಯಿಸೋ ಖರ್ಚು, ಕೂಲಿ, ಡಬ್ಬಿ, ಲಾರಿ ಬಾಡಿಗೆ ಒಂದೂ ಸೇರಿಲ್ಲ. ಪುಡಿ ಬೆಲೆ ಏರಿದರೆ, ಹಳೆ ಬೆಣ್ಣೆ ದಾಸ್ತಾನಿದ್ದರೆ ಲೆಕ್ಕ ಸ್ವಲ್ಪ ಇಳಿಯುತ್ತದೆ, ಒಪ್ಪುತ್ತೇನೆ. ಆದರೆ ಇಂಥ ಲೆಕ್ಕಕ್ಕಿಂತ ಬಹಳ ಕೆಳಗೆ ದರ ಬಂದಾಗ ಕೊಳ್ಳೋನು ಖುಷಿಪಡೋದಕ್ಕಿಂತ ಮೊದಲು ಇದು ಹೇಗೆ ಸಾಧ್ಯ ಅಂತ ಕೇಳಬೇಕು.

2024ರ ಆಗಸ್ಟ್ ಕೊನೆಗೆ ನಂದಿನಿ ತುಪ್ಪ ಮತ್ತೆ ತಿರುಪತಿಗೆ ಹೋಯಿತು, ಕೆಜಿಗೆ ಸುಮಾರು 475 ರೂಪಾಯಿಗೆ ಅಂತ ವರದಿಯಾಯಿತು. ಟ್ಯಾಂಕರುಗಳಿಗೆ ಜಿಪಿಎಸ್, ಎಲೆಕ್ಟ್ರಾನಿಕ್ ಬೀಗ ಹಾಕಿದರು. ನೋಡಿ, ಪ್ಯಾಕೆಟ್ ಹಾಲಿನಲ್ಲಿ ಅಗ್ಗದವನಾದ ನಂದಿನಿ ತುಪ್ಪದಲ್ಲಿ ಅಗ್ಗದವನಾಗಲು ಒಪ್ಪಲಿಲ್ಲ. ಟೆಂಡರ್ ಹೋದರೂ ದರ ಬಿಡಲಿಲ್ಲ. ಅದೇ ಹೆಸರು ಉಳಿಸಿತು. 2025ರ ಸೆಪ್ಟೆಂಬರ್ 22ರಂದು ತುಪ್ಪದ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಾಗ ನಂದಿನಿ ತುಪ್ಪ ಲೀಟರಿಗೆ 610ಕ್ಕೆ ಇಳಿದಿತ್ತು. ನವೆಂಬರ್‌ನಲ್ಲಿ ಒಮ್ಮೆಗೇ 90 ರೂಪಾಯಿ ಏರಿಸಿ 700 ಮಾಡಿದರು. ಹಾಲಿಗೆ 4 ರೂಪಾಯಿ ಏರಿಸೋಕೆ ಅಷ್ಟು ಗದ್ದಲ ಆದ ರಾಜ್ಯದಲ್ಲಿ ತುಪ್ಪಕ್ಕೆ 90 ಏರಿಸೋಕೆ ಸಾಧ್ಯವಾಯಿತು ಅಂದರೆ, ಗುಣದ ಹೆಸರಿಗೆ ಎಷ್ಟು ಬಲ ಇದೆ ಅನ್ನೋದು ತಿಳಿಯುತ್ತದೆ.

ಈ ಪ್ರಕರಣ ಇನ್ನೊಂದನ್ನೂ ತೋರಿಸಿತು. ಮಾರೋನು ಎಂಥ ದಾರಿ ಹಿಡಿಯುತ್ತಾನೆ ಅನ್ನೋದನ್ನು ಅರ್ಧ ಕೊಳ್ಳೋನೇ ತೀರ್ಮಾನಿಸ್ತಾನೆ. ಕಡಿಮೆ ದರದವನಿಗೇ ಕೊಡ್ತೀನಿ ಅನ್ನೋ ಟೆಂಡರಿನ ಮುಂದೆ ಒಳ್ಳೆ ಮಾಲಿನವನು ಸೋಲ್ತಾನೆ. ಹಾಸ್ಟೆಲಿನ ಹಾಲು, ಅಂಗನವಾಡಿಯ ಪುಡಿ, ಗುಡಿಯ ತುಪ್ಪ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ಗಡಿಯವರು ಏನು ಮಾಡಬೇಕು?

ಹಾಗಾದರೆ ಯಾವ ದಾರಿ ಒಳ್ಳೇದು? ಮೂರರಲ್ಲಿ ಯಾವುದೂ ತಾನಾಗಿ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಅಗ್ಗದ ದಾರಿ ಹಿಡಿದವನು ಖರ್ಚು ಉಳಿಸಿ ಅಗ್ಗ ಮಾಡಿದ್ದಾನೋ, ರೈತನ ಪಾಲು ಉಳಿಸಿಕೊಂಡು ಅಗ್ಗ ಮಾಡಿದ್ದಾನೋ ಅನ್ನೋದು ಪ್ರಶ್ನೆ. ಹೆಸರಿನ ದಾರಿ ಹಿಡಿದವನು ಹೆಸರಿನ ಫಲವನ್ನು ಕೊಟ್ಟಿಗೆವರೆಗೆ ತಲುಪಿಸ್ತಾನೋ ಇಲ್ಲವೋ ಅನ್ನೋದು ಪ್ರಶ್ನೆ. ಮೂಲೆ ಹಿಡಿದವನು ಮೂಲೆ ತುಂಬಿದ ಮೇಲೆ ಯಾರ ಹಾಲನ್ನು ಬೇಡ ಅಂತಾನೆ ಅನ್ನೋದು ಪ್ರಶ್ನೆ.

ನನ್ನ ಎಣಿಕೆಯಲ್ಲಿ ನಂದಿನಿಗೆ ಇವತ್ತು ಬೇಕಾದ್ದು ದಾರಿಗಳ ಹಂಚಿಕೆ. ದಿನದ ಪ್ಯಾಕೆಟ್ ಹಾಲು ಅಗ್ಗವಾಗಿಯೇ ಇರಲಿ. ಬಡವರ ಮನೆ ಮಗು ಕುಡಿಯೋದು ಅದನ್ನೇ. ಆದರೆ ತುಪ್ಪ, ಪೇಡ, ಮೈಸೂರ್‌ಪಾಕು, ಪನೀರು, 2024ರ ಡಿಸೆಂಬರಿನಲ್ಲಿ ತಂದ ಇಡ್ಲಿ-ದೋಸೆ ಹಿಟ್ಟು ಇವಕ್ಕೆ ಗುಣದ ಬೆಲೆಯನ್ನೇ ಕೇಳಲಿ, ಅದರ ಲಾಭವನ್ನು ಹಾಲು ಹೆಚ್ಚಾದ ತಿಂಗಳುಗಳಲ್ಲಿ ರೈತನ ದರ ಬೀಳದ ಹಾಗೆ ಹಿಡಿಯೋಕೆ ಮೀಸಲಿಡಲಿ. ಎರಡಕ್ಕೂ ಲೆಕ್ಕದ ಪುಸ್ತಕ ಬೇರೆ ಇಡದಿದ್ದರೆ ತುಪ್ಪದಲ್ಲಿ ಗಳಿಸಿದ್ದು ದೂರದ ಟ್ಯಾಂಕರಿನ ಡೀಸೆಲ್‌ನಲ್ಲಿ ಆವಿಯಾಗುತ್ತದೆ. ಆಗ ರೆಂಟಿಕೀ ಚೆಡ್ಡ ಪಾಡು ತಪ್ಪೋದಿಲ್ಲ.

ಕರ್ನಾಟಕದ ಕಡೆಯ ರೈತನಿಗೆ ಇದನ್ನು ಕೇಳೋ ಹಕ್ಕಿದೆ. ಪ್ರತಿ ವರ್ಷ ಸೆಪ್ಟೆಂಬರ್ 25ರೊಳಗೆ ಸಂಘದ ವಾರ್ಷಿಕ ಸಭೆ ನಡೆಯಬೇಕು ಅಂತ ಕಾನೂನೇ ಇದೆ. ಬಹಳ ಕಡೆ ಟೀ, ಉಪ್ಪಿಟ್ಟು, ಸಹಿ ಮಾಡಿ ಸಭೆ ಮುಗಿಸ್ತಾರೆ. ಈ ಸಲ ಮೂರು ಪ್ರಶ್ನೆ ಕೇಳಿ. ನಮ್ಮ ಒಕ್ಕೂಟದ ಹಾಲಿನಲ್ಲಿ ಎಷ್ಟು ಪಾಲು ಪ್ಯಾಕೆಟ್ಟಿಗೆ, ಎಷ್ಟು ಪಾಲು ಪುಡಿಗೆ ಹೋಯಿತು? ಪುಡಿಯಲ್ಲಿ ಲಾಭವೋ ನಷ್ಟವೋ? ತುಪ್ಪ, ಸಿಹಿಯ ಲಾಭದಲ್ಲಿ ನಮ್ಮ ಲೀಟರಿಗೆ ಎಷ್ಟು ಬಂತು?

ಆಂಧ್ರದ ಕಡೆಯ ನಮ್ಮವರಿಗೆ ಇಂಥ ಸಭೆ ಇಲ್ಲ. ವ್ಯಾನಿನವನನ್ನು ಕೇಳಿದರೆ 'ಮೇಲಿನಿಂದ ಬಂದ ರೇಟು ಅಣ್ಣಾ' ಅಂತಾನೆ, ಅದು ಅವನ ತಪ್ಪಲ್ಲ. ಆದರೂ ಒಂದು ಕೆಲಸ ಮಾಡಬಹುದು. ಹಳ್ಳಿಯಲ್ಲಿ ಹತ್ತು ಜನ ಸೇರಿ ಒಂದು ಫ್ಯಾಟ್ ಅಳೆಯೋ ಯಂತ್ರ ತಂದಿಟ್ಟು, ಹಾಲು ಹಾಕೋ ಮೊದಲು ತಾವೇ ಅಳೆದು ಬರೆದುಕೊಳ್ಳಲಿ. ಎರಡು ಡೈರಿಯ ಹನ್ನೆರಡು ತಿಂಗಳ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಕೂಡಲಿ. ಡೈರಿಗಳು ಒಬ್ಬರ ದರವನ್ನೊಬ್ಬರು ಕಾಯ್ತಾ ಕೂತಿರೋವಾಗ ಕರೆಯೋ ನಾವು ಮಾತ್ರ ಚೀಟಿಯನ್ನು ಸೂರಿಗೆ ಸಿಕ್ಕಿಸಿ ಮರೆತರೆ, ಯಾವ ಕಂಪೆನಿ ಗೆದ್ದರೂ ನಮ್ಮ ಪಾಲು ಅವರು ಬಿಟ್ಟಷ್ಟೇ ಆಗುತ್ತದೆ.